ಹಂಗೇರಿಯನ್ ಮೈನರ್ ಬೆರಳಿಗೆ ಬಂತು, ಕಿವಿಗೆ ಬರ್ತಿಲ್ಲ

ಆರುತಂತಿ

ಗಿಟಾರಿನಲ್ಲಿ ಪೆಂಟಾಟಾನಿಕ್, ನ್ಯಾಚುರಲ್ ಮೈನರ್, ಹಾರ್ಮೋನಿಕ್ ಮೈನರ್ ಸ್ಕೇಲ್ ಮೂರೂ ಒಂದು ಮಟ್ಟಕ್ಕೆ ಕೈಗೆ ಕೂತಿವೆ. ಈಗ ಹಂಗೇರಿಯನ್ ಮೈನರ್ ಹಿಡಿದಿದ್ದೀನಿ. ಎ ಇಂದ ಶುರು ಮಾಡಿದರೆ ಸ್ವರಗಳು ಎ, ಬಿ, ಸಿ, ಡಿ ಶಾರ್ಪ್, ಇ, ಎಫ್, ಜಿ ಶಾರ್ಪ್. ನುಡಿಸ್ತಿರೋ ಪೊಸಿಷನ್ ಇದು (ಅಂಕಿಗಳು ಫ್ರೆಟ್ ಸಂಖ್ಯೆ, 6ನೇದು ಅತಿ ದಪ್ಪ ತಂತಿ):

6ನೇ ತಂತಿ: 5, 7, 8
5ನೇ ತಂತಿ: 6, 7, 8
4ನೇ ತಂತಿ: 6, 7, 9, 10
3ನೇ ತಂತಿ: 8, 9, 10
2ನೇ ತಂತಿ: 9, 10

ಮೆಟ್ರೊನೋಮ್ ಹಾಕ್ಕೊಂಡು ಹತ್ತೋದು ಇಳಿಯೋದು ಸಲೀಸಾಗಿದೆ. ಆದರೂ ಎರಡು ಕಿರಿಕಿರಿ. ಒಂದು, ಮನಸ್ಸಿಗೆ ಬಂದ ಹಾಗೆ ನುಡಿಸ್ತಾ ಹೋದರೆ ಎ ಷಡ್ಜ ಅನ್ನಿಸೋದೇ ಇಲ್ಲ, ಇ ಮೇಲೆ ಹೋಗಿ ನಿಂತರೇನೇ ಮುಗಿದ ಹಾಗಿರುತ್ತೆ. ಎರಡು, ಎ ಮೈನರ್, ಡಿ ಮೈನರ್, ಇ ಸೆವೆನ್ ಕಾರ್ಡ್‌ಗಳಿರೋ ಬ್ಯಾಕಿಂಗ್ ಟ್ರ್ಯಾಕ್ (ಹಿನ್ನೆಲೆ ಸಂಗೀತ) ಮೇಲೆ ನುಡಿಸಿದರೆ ಕೆಲವು ಕಡೆ ಅದ್ಭುತ, ಕೆಲವು ಕಡೆ ಹಲ್ಲು ಜುಮ್ಮೆನ್ನುತ್ತೆ. ಸ್ಕೇಲ್ ಸರಿಯಾಗೇ ಇದೆ ಅಲ್ವಾ? ಮತ್ಯಾಕೆ ಹೀಗೆ?

ಕಪೋ ಬೇಡ

ಎರಡನೇದಕ್ಕೆ ಉತ್ತರ ನೀವೇ ಬರೆದಿದ್ದೀರಿ. ಡಿ ಮೈನರ್ ಕಾರ್ಡಿನಲ್ಲಿ ಡಿ ಇದೆ, ನಿಮ್ಮ ಸ್ಕೇಲಿನಲ್ಲಿ ಡಿ ಶಾರ್ಪ್. ಇ ಸೆವೆನ್‌ನ ಏಳನೇ ಸ್ವರವೂ ಡಿ. ಮೂರು ಕಾರ್ಡಿನಲ್ಲಿ ಎರಡು ನಿಮ್ಮ ಸ್ಕೇಲಿನ ಮುಖ್ಯ ಸ್ವರಕ್ಕೇ ಎದುರು ನಿಂತಿವೆ. ಆ ಟ್ರ್ಯಾಕ್ ಹಾರ್ಮೋನಿಕ್ ಮೈನರ್‌ಗೆ ಮಾಡಿದ್ದು. ಬದಲಾಯಿಸಿ.

ಡಿಸ್ಟಾರ್ಷನ್ ಭಕ್ತ

ಗುರು, ಟ್ರ್ಯಾಕೇ ಬೇಡ. ಪವರ್ ಕಾರ್ಡ್ ಹಾಕು, ಮೂಲ ಸ್ವರ, ಅದರ ಐದನೇ ಸ್ವರ ಎರಡೇ ಇರೋದು. ಈ ಸ್ಕೇಲ್ ಒಳಗೇ ಸಿಗೋದು ನಾಲ್ಕು: ಎ, ಇ, ಎಫ್, ಜಿ ಶಾರ್ಪ್. ಬಿ, ಸಿ ಮೇಲೆ ಹಾಕೋಕೆ ಹೋದರೆ ಐದನೇ ಸ್ವರ ಸ್ಕೇಲ್ ಆಚೆ ಹೋಗುತ್ತೆ. ನಾಲ್ಕೂ ಎರಡೆರಡು ಜೋಡಿ ನೋಡು: ಇ-ಎಫ್ ಅಕ್ಕಪಕ್ಕ, ಜಿ ಶಾರ್ಪ್-ಎ ಅಕ್ಕಪಕ್ಕ. 6ನೇ ತಂತಿಯಲ್ಲಿ ಬಿಟ್ಟ ತಂತಿ (ಒತ್ತದೆ ಮೀಟೋದು), 1, 4, 5. ಅಂಗೈ ಅಂಚಿನಿಂದ ತಂತಿ ಅದುಮಿ ಪಾಮ್ ಮ್ಯೂಟ್ ಮಾಡಿ ಇಷ್ಟರಲ್ಲೇ ಒಂದು ಸಂಜೆ ಕಳೀಬಹುದು.

ಮಂದ್ರಸ್ಥಾಯಿ

ಮೊದಲನೇ ಕಿರಿಕಿರಿ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಿಜವಾದ ವಿಷಯ ಅಲ್ಲೇ ಇದೆ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ನಿಮ್ಮ ಪೊಸಿಷನ್ನನ್ನೇ ನೋಡಿ. ಈ ಸ್ಕೇಲಿಗೆ ಈ ಬಣ್ಣ ಬಂದಿರೋದು ಎರಡು ದೊಡ್ಡ ಜಿಗಿತಗಳಿಂದ: ಸಿ ಇಂದ ಡಿ ಶಾರ್ಪ್‌ಗೆ ಮೂರು ಫ್ರೆಟ್, ಎಫ್ ಇಂದ ಜಿ ಶಾರ್ಪ್‌ಗೆ ಮೂರು ಫ್ರೆಟ್. ಎರಡು ಸ್ಥಾಯಿಯಲ್ಲಿ ಸೇರಿ ನಾಲ್ಕು ಸಲ ಈ ಜಿಗಿತ ಬರುತ್ತೆ. ನೀವು ಕೊಟ್ಟಿರೋ ಪೊಸಿಷನ್ನಲ್ಲಿ ಆ ನಾಲ್ಕೂ ತಂತಿ ಬದಲಾಗೋ ಜಾಗದಲ್ಲೇ ಬಿದ್ದಿವೆ. 6ನೇ ತಂತಿಯ 8ರಿಂದ 5ನೇ ತಂತಿಯ 6ಕ್ಕೆ, 5ನೇದರ 8ರಿಂದ 4ನೇದರ 6ಕ್ಕೆ, 4ನೇದರ 10ರಿಂದ 3ನೇದರ 8ಕ್ಕೆ, 3ನೇದರ 10ರಿಂದ 2ನೇದರ 9ಕ್ಕೆ. ಸ್ವರ ಮೇಲಕ್ಕೆ ಜಿಗಿಯೋ ಹೊತ್ತಿಗೆ ನಿಮ್ಮ ಬೆರಳು ಫ್ರೆಟ್ ಲೆಕ್ಕದಲ್ಲಿ ಹಿಂದಕ್ಕೆ ಸರೀತಿದೆ! ಕೈಗೆ ಆರಾಮ, ಆದರೆ ಜಿಗಿತ ಎಷ್ಟು ದೊಡ್ಡದು ಅಂತ ಕೈಗೆ ಗೊತ್ತೇ ಆಗಲ್ಲ. ಕೈಗೆ ಗೊತ್ತಾಗದ್ದನ್ನ ಕಿವಿಗೆ ಹೇಳೋರು ಯಾರು?

ಹಾಗಾಗಿ ಪೊಸಿಷನ್ ಪಕ್ಕಕ್ಕಿಟ್ಟು ಒಂದೇ ತಂತಿಯಲ್ಲಿ ನುಡಿಸಿ. 3ನೇ ತಂತಿ ತಗೊಳ್ಳಿ: 2, 4, 5, 8, 9, 10, 13, 14. ಹೆಬ್ಬೆರಳಿನಿಂದ 5ನೇ ತಂತಿಯನ್ನ ಬಿಟ್ಟ ತಂತಿಯಾಗಿ ಮೀಟ್ತಾ ಇರಿ, ಅದೇ ನಿಮ್ಮ ಷಡ್ಜ. ನಡುವೆ ಇರೋ 4ನೇ ತಂತಿ ಡಿ, ಅದು ಈ ಸ್ಕೇಲಿನಲ್ಲಿ ಇಲ್ಲ, ಹೆಬ್ಬೆರಳಿನ ಬದಿಯಿಂದ ಮುಚ್ಚಿಡಿ. ಒಂದೊಂದು ಸ್ವರ ನುಡಿಸಿದಾಗಲೂ ಕೆಳಗೆ ಷಡ್ಜ ಮೊಳಗ್ತಿರಬೇಕು. ತಂಬೂರಿ ಆ್ಯಪ್ ಇದ್ದರೆ ಅದನ್ನೇ ಎ ಶ್ರುತಿಗೆ ಇಟ್ಟುಕೊಳ್ಳಿ.

ಈಗ ಇ ಯಾಕೆ ಎಳೆಯುತ್ತೆ ಅನ್ನೋದು. 3ನೇ ತಂತಿಯ 9ನೇ ಫ್ರೆಟ್ ಇ, ಅಂದರೆ ನಿಮ್ಮ ಪಂಚಮ. ಅಲ್ಲಿ ಬೆರಳಿಡಿ. ಮೇಲಕ್ಕೆ ಹೋದರೆ 10, 13, 14. ಕೆಳಕ್ಕೆ ಬಂದರೆ 8, 5, 4. ಅರ್ಧ ಸ್ವರ (ಒಂದು ಫ್ರೆಟ್), ಒಂದೂವರೆ, ಅರ್ಧ. ಆ ಕಡೆಗೂ ಅಷ್ಟೇ, ಈ ಕಡೆಗೂ ಅಷ್ಟೇ. ಪಂಚಮದಲ್ಲಿ ಕನ್ನಡಿ ಇಟ್ಟ ಹಾಗಿದೆ. ಇ ಗೆ ಎರಡೂ ಪಕ್ಕದಿಂದ ಅರ್ಧ ಸ್ವರದ ಒತ್ತಡ ಇದೆ, ಮೇಲಿನಿಂದ ಎಫ್, ಕೆಳಗಿನಿಂದ ಡಿ ಶಾರ್ಪ್. ಎ ಗೆ ಜಿ ಶಾರ್ಪ್ ಒಂದೇ, ಮೇಲಿನ ಬಿ ಪೂರ್ತಿ ಸ್ವರದಷ್ಟು ದೂರ. ಕೆಳಗೆ ಷಡ್ಜ ಕೇಳಿಸ್ತಾ ಇಲ್ಲದಿದ್ದರೆ ಯಾರ ಕಿವಿಯಾದರೂ ಇ ಕಡೆಗೇ ವಾಲುತ್ತೆ. ನಿಮ್ಮ ಕಿವಿ ಸರಿಯಾಗೇ ಇದೆ.

ಸರಳೆವರಸೆ

ಮಂದ್ರಸ್ಥಾಯಿ ಅವರು ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೀನಿ. ಇ ಅನ್ನೇ ಷಡ್ಜ ಮಾಡಿಕೊಂಡು ಅದೇ ಏಳು ಸ್ವರ ನುಡಿಸಿದರೆ ಏನಾಗುತ್ತೆ? ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ ಶಾರ್ಪ್. ಇದು ಮಾಯಾಮಾಳವಗೌಳ. ಕರ್ನಾಟಕ ಸಂಗೀತದ ಮೊದಲನೇ ದಿನ ಸರಳೆ ವರಸೆ ಹೇಳಿಸೋ ಅದೇ ರಾಗ, ಪುರಂದರದಾಸರ ಕಾಲದಿಂದ ಬಂದಿದ್ದು ಅಂತಾರಲ್ಲ, ಅದು. ಪಾಶ್ಚಾತ್ಯರು ಡಬಲ್ ಹಾರ್ಮೋನಿಕ್ ಅಂತಾರೆ. ಅದರ ಮಧ್ಯಮವನ್ನ ಷಡ್ಜ ಮಾಡಿ ಗ್ರಹಭೇದ ಮಾಡಿದರೆ ಬರೋದು 57ನೇ ಮೇಳ (ಮೂಲ ರಾಗ) ಸಿಂಹೇಂದ್ರಮಧ್ಯಮ. ಆರುತಂತಿ ಕಲೀತಿರೋದು ಅದೇ ಸ್ವರಗಳು: ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಪ್ರತಿಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ.

ಅಂದಹಾಗೆ ಮಾಯಾಮಾಳವಗೌಳದ ರಿಷಭದಿಂದ ಹೊರಟರೆ 72ನೇ ಮೇಳ ರಸಿಕಪ್ರಿಯ ಸಿಗುತ್ತೆ. ಗಿಟಾರಿನಲ್ಲಿ ಅದನ್ನ ಯಾರಾದರೂ ಪ್ರಯತ್ನಿಸಿದ್ದರೆ ಹೇಳಿ.

ಆರುತಂತಿ

ಸರಳೆ ವರಸೆ ಚಿಕ್ಕವನಿದ್ದಾಗ ಬಾಯಿಪಾಠ ಆಗಿದೆ! ಹಾಗಾದರೆ ಅದೇ ಕಿವಿಯಲ್ಲಿ ಕೂತಿರೋದಕ್ಕೂ ಇ ಎಳೀತಿರಬಹುದಾ?

ಸರಳೆವರಸೆ

ಖಂಡಿತ ಇರಬಹುದು. ಒಂದು ಪ್ರಯೋಗ ಮಾಡಿ. ಇ, ಎಫ್, ಜಿ ಶಾರ್ಪ್, ಎ ಅಂತ ನುಡಿಸ್ತಾ ಮೊದಲು ಸ ರಿ ಗ ಮ ಅಂತ ಹಾಡಿ. ಆಮೇಲೆ ಅದೇ ನಾಲ್ಕು ಫ್ರೆಟ್‌ಗಳಿಗೆ ಪ ದ ನಿ ಸ ಅಂತ ಹಾಡಿ, ಕೆಳಗೆ ಎ ಶ್ರುತಿ ಇರಲಿ. ಬೆರಳು ಅದೇ, ಹೆಸರು ಬೇರೆ. ಎರಡನೇ ಸಲ ಎ ಮೇಲೆ ನಿಂತಾಗ ಪೂರ್ತಿ ಆಯ್ತು ಅನ್ನಿಸೋ ತನಕ ಮುಂದಕ್ಕೆ ಹೋಗಬೇಡಿ. ಹಾಡದೆ ಬರೀ ನುಡಿಸಿದರೆ ಇದು ಬರಲ್ಲ, ಕಂಠ ಹೇಗಿದ್ದರೂ ಪರವಾಗಿಲ್ಲ.

ವೀಣಾ ಕಿವಿ

ಒಂದು ಮಾತು ಹೇಳಲೇಬೇಕು. ಸಿಂಹೇಂದ್ರಮಧ್ಯಮ ಒಂದು ರಾಗ. ಏಳು ಸ್ವರ ಮೇಲೆ ಕೆಳಗೆ ಓಡಿಸಿದರೆ ರಾಗ ಆಗಲ್ಲ. ಗಾಂಧಾರ ಎಲ್ಲಿ ಅಲುಗಬೇಕು, ಎಲ್ಲಿ ನಿಲ್ಲಬೇಕು, ಯಾವ ಸ್ವರದ ಮೇಲೆ ಎಷ್ಟು ಹೊತ್ತು ಕೂರಬೇಕು ಅನ್ನೋದೆಲ್ಲ ಇದೆ. ಮೈಸೂರು ವಾಸುದೇವಾಚಾರ್ಯರ 'ನಿನ್ನೇ ನಮ್ಮಿತಿನಯ್ಯ' ಒಂದು ಸಲ ಕೂತು ಕೇಳಿ, ಇದೇ ಸ್ವರಗಳು ಎಷ್ಟು ಬೇರೆ ಥರ ಬದುಕ್ತವೆ ಅಂತ ಗೊತ್ತಾಗುತ್ತೆ. 'ಎರಡೂ ಒಂದೇ' ಅಂತ ಸಲೀಸಾಗಿ ಹೇಳೋದು ನನಗೆ ಒಪ್ಪಿಗೆ ಇಲ್ಲ.

ಕಪೋ ಬೇಡ

ಒಂದೇ ಅಂತ ಯಾರೂ ಅಂದಿಲ್ಲ ಮೇಡಂ, ಸ್ವರಗಳು ಒಂದೇ ಅಂದದ್ದು. ಅವರಿಗೆ ಬೇಕಿರೋದು ಸೋಲೋ ನುಡಿಸೋಕೆ ಒಂದು ಸ್ಕೇಲ್. ಗಮಕ ಸೇರಿಸಿ ಕಾರ್ಡ್ ಮೇಲೆ ಕೂರಿಸೋಕೆ ಹೋದರೆ ಎರಡೂ ಕೆಡುತ್ತೆ.

ವೀಣಾ ಕಿವಿ

ನಾನು ಸರ್, ಮೇಡಂ ಅಲ್ಲ. ಇರಲಿ. ಸೋಲೋಗೂ ಗಮಕ ಬೇಕು ಕಣ್ರೀ, ನೀವದಕ್ಕೆ ಸ್ಲೈಡ್, ಬೆಂಡ್ ಅಂತೀರಿ ಅಷ್ಟೇ. ಡಿ ಶಾರ್ಪ್ ಅನ್ನ ನೇರವಾಗಿ ಒತ್ತಿ ನುಡಿಸೋದಕ್ಕೂ ಇ ಇಂದ ಜಾರಿಸಿ ತರೋದಕ್ಕೂ ವ್ಯತ್ಯಾಸ ಕೇಳಿ. ಎರಡನೇದು ಮಾತಾಡುತ್ತೆ. ಹಾಗೇ ಜಿ ಶಾರ್ಪ್ ಅನ್ನ ಎಳೆದು ಎ ಗೆ ಮುಟ್ಟಿಸೋದು, ಅರ್ಧ ಸ್ವರದ ಬೆಂಡ್, ಕಷ್ಟ ಏನಿಲ್ಲ. ಎಫ್ ಇಂದ ಜಿ ಶಾರ್ಪ್‌ಗೆ ಮಾತ್ರ ಬೆಂಡ್ ಮಾಡೋಕೆ ಹೋಗಬೇಡಿ. ಮೂರು ಫ್ರೆಟ್‌ನಷ್ಟು ಎಳೆತ ಅದು, ಮೂರರಲ್ಲಿ ಎರಡು ಸಲ ಶ್ರುತಿ ತಪ್ಪುತ್ತೆ. ಅಲ್ಲಿ ಜಾರು ಸಾಕು. ಇನ್ನು ಡಿ ಶಾರ್ಪ್ ಮೇಲೆ ವೈಬ್ರಾಟೊ ಜೋರಾಗಿ ಕೊಟ್ಟರೆ ಅದು ಇ ಕಡೆಗೆ ಏರಿಬಿಡುತ್ತೆ, ಆ ಸ್ವರದ ಮೊನಚೇ ಹೋಗುತ್ತೆ. ನಿಧಾನವಾಗಿ, ಸಣ್ಣದಾಗಿ ಕೊಡಿ.

ಕಪೋ ಬೇಡ

ಕ್ಷಮಿಸಿ ಸರ್. ಜಾರು ವಿಷಯ ಒಪ್ಪಿದೆ.

ನಿಧಾನಗತಿ

ಇದರ ಚಾರ್ಟ್ ಹುಡುಕಿದರೆ ಒಂದು ಕಡೆ ಏಳನೇ ಸ್ವರ ಜಿ ಅಂತಿದೆ, ಇನ್ನೊಂದು ಕಡೆ ಜಿ ಶಾರ್ಪ್. ಹೆಸರು ಎರಡಕ್ಕೂ ಹಂಗೇರಿಯನ್, ಜಿಪ್ಸಿ ಅಂತ ಏನೇನೋ. ಯಾವುದನ್ನ ನಂಬೋದು?

ಸರಳೆವರಸೆ

ಹೆಸರು ಬಿಡಿ, ಸ್ವರ ನೋಡಿ. ಜಿ ಶಾರ್ಪ್ ಇದ್ದರೆ ಈ ಚರ್ಚೆಯ ಸ್ಕೇಲ್. ಜಿ ಇದ್ದರೆ ಷಣ್ಮುಖಪ್ರಿಯ, 56ನೇ ಮೇಳ. ಇದರ ಡಿ ಶಾರ್ಪ್ ಅನ್ನ ಡಿ ಮಾಡಿದರೆ ಕೀರವಾಣಿ, ಅದೇ ನಿಮ್ಮ ಹಾರ್ಮೋನಿಕ್ ಮೈನರ್. ಎಫ್ ಅನ್ನ ಎಫ್ ಶಾರ್ಪ್ ಮಾಡಿದರೆ ಧರ್ಮವತಿ. ಒಂದೊಂದೇ ಸ್ವರ ಬದಲಾಯಿಸ್ತಾ ನಾಲ್ಕನ್ನೂ ಒಟ್ಟಿಗೆ ನುಡಿಸಿ ನೋಡಿ, ಚಾರ್ಟ್ ಬೇಕಾಗೋದೇ ಇಲ್ಲ. ಹಂಗೇರಿಯನ್ ಮೇಜರ್ ಅಂತ ಇನ್ನೊಂದಿದೆ, ಅದು ನಾಸಿಕಾಭೂಷಣಿ, ಇದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ.

ಮಂದ್ರಸ್ಥಾಯಿ

ಹಂಗೇರಿ ಅನ್ನೋ ಹೆಸರೇ ಅರ್ಧ ಸತ್ಯ. 18ನೇ ಶತಮಾನದ ಕೊನೆಯಲ್ಲಿ ಸೈನ್ಯಕ್ಕೆ ಹುಡುಗರನ್ನ ಸೇರಿಸಿಕೊಳ್ಳೋಕೆ ಕುಣಿಸ್ತಿದ್ದ ಸಂಗೀತ ಇತ್ತು, ವೆರ್ಬುಂಕೋಶ್ ಅಂತ. ಅದನ್ನ ಹೆಚ್ಚಾಗಿ ನುಡಿಸ್ತಿದ್ದವರು ರೋಮಾ (ಜಿಪ್ಸಿ) ವಾದ್ಯಗಾರರು. ಸಂಗೀತ ರಚನಕಾರ ಲಿಸ್ಟ್ ತನ್ನ ಹಂಗೇರಿಯನ್ ರ‍್ಯಾಪ್ಸೊಡಿಗಳಲ್ಲಿ ಅದೇ ಬಣ್ಣ ತಗೊಂಡು ಯುರೋಪಿನ ತುಂಬ ಹರಡಿದ. ಆಮೇಲೆ ಹಂಗೇರಿಯ ರಚನಕಾರರು ಬಾರ್ಟೋಕ್, ಕೊಡಾಯ್ ಇಬ್ಬರೂ ಹಳ್ಳಿ ಹಳ್ಳಿ ತಿರುಗಿ ರೈತರ ಹಾಡು ಸಂಗ್ರಹಿಸಿದರು, 1906ರಲ್ಲಿ ಮೊದಲ ಸಂಗ್ರಹ ಒಟ್ಟಿಗೆ ತಂದರು. ನೋಡಿದರೆ ಅಲ್ಲಿನ ಹಳೇ ಪದರದ ಹಾಡುಗಳು ಹೆಚ್ಚಿನಂಶ ಐದು ಸ್ವರದವು, ಆರುತಂತಿ ಮೊದಲು ಕಲಿತ ಮೈನರ್ ಪೆಂಟಾಟಾನಿಕ್ ಥರದ್ದು! ಹಂಗೇರಿಯ ರೈತನ ಹಾಡಿಗೆ ಹತ್ತಿರ ಇರೋದು ಅದು, ಇದಲ್ಲ.

ಡಿಸ್ಟಾರ್ಷನ್ ಭಕ್ತ

ಅಯ್ಯೋ, ಇಷ್ಟು ದಿನ ಬ್ಲೂಸ್ ಅಂದ್ಕೊಂಡು ಹಂಗೇರಿ ನುಡಿಸ್ತಿದ್ದೆ ಅನ್ನಿ.

ಆರುತಂತಿ

ಒಂದೇ ತಂತಿಯ ಅಭ್ಯಾಸ ಶುರು ಮಾಡಿದೆ. 5ನೇ ತಂತಿ ಮೊಳಗ್ತಿದ್ದರೆ ಎ ಷಡ್ಜ ಅನ್ನೋದು ನಿಜವಾಗ್ಲೂ ಕೇಳಿಸುತ್ತೆ. ಪಂಚಮದಿಂದ ಎರಡೂ ಕಡೆ ಹೋಗೋದು ಎಷ್ಟು ಚೆಂದ ಇದೆ ಅಂದರೆ ಅದನ್ನ ಬಿಟ್ಟು ಬೇರೇನೂ ನುಡಿಸೋಕೆ ಮನಸ್ಸಾಗ್ತಿಲ್ಲ. ಎರಡು ಪ್ರಶ್ನೆ. 5ರಿಂದ 8ಕ್ಕೆ, 10ರಿಂದ 13ಕ್ಕೆ ಹೋಗುವಾಗ ಯಾವ ಬೆರಳು? ಮತ್ತೆ ಬ್ಯಾಕಿಂಗ್‌ಗೆ ಯಾವ ಕಾರ್ಡ್ ಹಾಕ್ಕೊಳ್ಳಲಿ? ಪವರ್ ಕಾರ್ಡ್ ಚೆನ್ನಾಗಿದೆ, ಆದರೆ ನಂದು ಅಕೌಸ್ಟಿಕ್.

ಮಂದ್ರಸ್ಥಾಯಿ

ಬೆರಳು: 2, 4, 5ಕ್ಕೆ ತೋರುಬೆರಳು, ಉಂಗುರ, ಕಿರುಬೆರಳು. ಆಮೇಲೆ ಇಡೀ ಕೈ ಸರಿಸಿ 8, 9, 10ಕ್ಕೆ ತೋರು, ಮಧ್ಯ, ಉಂಗುರ. ಮತ್ತೆ ಸರಿಸಿ 13, 14ಕ್ಕೆ ತೋರು, ಮಧ್ಯ. ಅಂದರೆ ಕೈ ಸರಿಯೋದು ದೊಡ್ಡ ಜಿಗಿತದಲ್ಲಿ ಮಾತ್ರ. ಬೆರಳು ಚಾಚೋಕೆ ಹೋಗಬೇಡಿ, ಮಣಿಕಟ್ಟು ನೋಯುತ್ತೆ. ಹೆಬ್ಬೆರಳು ಗಿಟಾರಿನ ಕತ್ತಿನ ಹಿಂದೆ ಸಡಿಲವಾಗಿ ಕೈ ಜೊತೆಗೇ ಬರಲಿ. ಸರಿಯುವಾಗ ಸ್ವಲ್ಪ ಜಾರೋ ಸದ್ದು ಕೇಳಿಸಿದರೆ ಕೇಳಿಸಲಿ, ಅಲ್ಲಿ ಅದು ಒಪ್ಪುತ್ತೆ. ವೀಣಾ ಕಿವಿ ಅವರೂ ಬೈಯ್ಯಲ್ಲ.

ಕಪೋ ಬೇಡ

ಕಾರ್ಡ್ ನಾನು ಹೇಳ್ತೀನಿ. ಎ ಮೈನರ್, ಎಫ್ ಸೆವೆನ್, ಇ ಮೇಜರ್, ಮತ್ತೆ ಎ ಮೈನರ್. ಡಿ ಮೈನರ್ ಜಾಗಕ್ಕೆ ಎಫ್ ಸೆವೆನ್ ಬಂತು ಅಷ್ಟೇ, ಆದರೆ ಇಡೀ ಸ್ಕೇಲಿನ ಗುಟ್ಟು ಆ ಕಾರ್ಡಿನಲ್ಲಿದೆ.

ಎಫ್ ಸೆವೆನ್ ಬಾರ್ ಹಿಡಿತ (ಒಂದೇ ಬೆರಳು ಅಡ್ಡ ಇಟ್ಟು ತಂತಿಗಳನ್ನ ಒತ್ತೋದು) 6ನೇ ತಂತಿಯಿಂದ ಹೀಗೆ: 1, 3, 1, 2, 1, 1. ಬಂದ ಸ್ವರಗಳು ಎಫ್, ಸಿ, ಡಿ ಶಾರ್ಪ್, ಎ, ಸಿ, ಎಫ್. ಒಂದೂ ಸ್ಕೇಲ್ ಆಚೆ ಇಲ್ಲ. ಈಗ ಇದರಿಂದ ಇ ಮೇಜರ್‌ಗೆ ಬನ್ನಿ: 0, 2, 2, 1, 0, 0. ಆರು ತಂತಿ ಒಟ್ಟಿಗೆ ಮೀಟಬೇಡಿ, 6 ಮತ್ತು 4ನೇ ತಂತಿ ಎರಡನ್ನೇ ಮೀಟಿ ಕೇಳಿ. 6ರಲ್ಲಿ ಎಫ್ ಅರ್ಧ ಸ್ವರ ಇಳಿದು ಇ ಆಯ್ತು. 4ರಲ್ಲಿ ಡಿ ಶಾರ್ಪ್ ಅರ್ಧ ಸ್ವರ ಏರಿ ಇ ಆಯ್ತು. ಮಂದ್ರಸ್ಥಾಯಿ ಹೇಳಿದ ಪಂಚಮದ ಒತ್ತಡ ಇದೇ, ಎರಡೂ ಕಡೆಯಿಂದ ಬಂದು ಇ ಗೆ ಸೇರೋದು. ಹಳೇ ಪಾಶ್ಚಾತ್ಯ ಹಾರ್ಮನಿಯಲ್ಲಿ ಇದಕ್ಕೆ ಜರ್ಮನ್ ಸಿಕ್ಸ್ತ್ ಅಂತಾರೆ.

ಎಫ್ ಸೆವೆನ್ ಬದಲು ಬಿ ಸೆವೆನ್ ಫ್ಲ್ಯಾಟ್ ಫೈವ್ ಕೂಡ ಹಾಕಬಹುದು: 5ನೇ ತಂತಿಯಿಂದ 2, 3, 2, 4, ಉಳಿದ ಎರಡು ತಂತಿ ಬೇಡ. ಬಿ, ಎಫ್, ಎ, ಡಿ ಶಾರ್ಪ್. ಸ್ವಲ್ಪ ಕಟು ಇದೆ, ನನಗೆ ಇಷ್ಟ.

ಇ ಮೇಲೆ ಮಾತ್ರ ಸೆವೆನ್ ಸೇರಿಸಬೇಡಿ. ಸ್ಕೇಲಿನಲ್ಲಿ ಸಿಗೋದು ಇ ಮೇಜರ್ ಸೆವೆನ್, ಅದು ಈ ಜಾಗಕ್ಕೆ ತೀರಾ ಸಿಹಿ. ಬರೀ ಇ ಸಾಕು.

ನಿಧಾನಗತಿ

ಹಾಗಾದರೆ ಡಿ ಅನ್ನ ಮುಟ್ಟಲೇಬಾರದಾ? ನನಗೆ ಇಳಿಯುವಾಗ ಡಿ ಶಾರ್ಪ್‌ನಿಂದ ಸಿ ಗೆ ನೇರ ಬೀಳೋದು ಒರಟು ಅನ್ನಿಸುತ್ತೆ.

ಕಪೋ ಬೇಡ

ಮುಟ್ಟಿ, ನಿಲ್ಲಬೇಡಿ. ಇ, ಡಿ ಶಾರ್ಪ್, ಡಿ, ಸಿ ಅಂತ ವೇಗವಾಗಿ ದಾಟಿದರೆ ಯಾರೂ ಕೇಳಲ್ಲ. ಹಾಗಂತ ಪ್ರತಿ ಸಲ ಹಾಗೇ ಇಳಿದರೆ ಜಿಗಿತ ಮಾಯ, ಬರೀ ಕ್ರೊಮ್ಯಾಟಿಕ್ (ಅರ್ಧರ್ಧ ಸ್ವರದ ಮೆಟ್ಟಿಲು) ಆಗಿಬಿಡುತ್ತೆ.

ವೀಣಾ ಕಿವಿ

ರಾಗ ಅಂತ ನುಡಿಸಿದರೆ ಮುಟ್ಟಲೇಬಾರದು. ಆ ಒರಟುತನಾನೇ ರುಚಿ.

ಆರುತಂತಿ

ಎಫ್ ಸೆವೆನ್‌ನಿಂದ ಇ ಗೆ ಬಂದಾಗ ಮೈ ಜುಮ್ ಅಂತು. 6 ಮತ್ತು 4ನೇ ತಂತಿ ಮಾತ್ರ ಮೀಟಿ ಕೇಳಿ ಅಂದಿದ್ದು ಒಳ್ಳೇದಾಯ್ತು, ಆರೂ ತಂತಿ ಸೇರಿದರೆ ಅದು ಅಡಗಿಬಿಡುತ್ತೆ. ಆದರೆ ಒಂದು ತೊಂದರೆ: ಅಕೌಸ್ಟಿಕ್‌ನಲ್ಲಿ 13, 14ನೇ ಫ್ರೆಟ್ ಹತ್ರ ಗಿಟಾರಿನ ಮೈ ಅಡ್ಡ ಬರುತ್ತೆ, ಮೇಲಿನ ನಿ ಸ ಸ್ವಚ್ಛವಾಗಿ ಬರ್ತಿಲ್ಲ. ಶ್ರುತಿ ಬದಲಾಯಿಸಬಹುದಾ?

ಮಂದ್ರಸ್ಥಾಯಿ

ಇ ಶ್ರುತಿಗೆ ಬನ್ನಿ. ಆಗ ಸ್ವರಗಳು ಇ, ಎಫ್ ಶಾರ್ಪ್, ಜಿ, ಎ ಶಾರ್ಪ್, ಬಿ, ಸಿ, ಡಿ ಶಾರ್ಪ್. 1ನೇ ತಂತಿಯಲ್ಲೇ ಪೂರ್ತಿ ಸ್ಥಾಯಿ ಸಿಗುತ್ತೆ: 0, 2, 3, 6, 7, 8, 11, 12. ಹೆಬ್ಬೆರಳಿಗೆ 6ನೇ ತಂತಿ, ಅದೇ ಮಂದ್ರ ಷಡ್ಜ. 2ನೇ ತಂತಿ ಬಿಟ್ಟರೆ ಬಿ, ಅದು ಪಂಚಮ, ಬೇಕಾದಾಗ ಸೇರಿಸಿಕೊಳ್ಳಿ. 4 ಮತ್ತು 5ನೇ ತಂತಿ ಮಾತ್ರ ಮುಚ್ಚಿಡಿ, ಡಿ ಮತ್ತು ಎ ಈ ಶ್ರುತಿಯಲ್ಲಿ ಹೊರಗಿನವು. ಕನ್ನಡಿ ಈಗ 7ನೇ ಫ್ರೆಟ್ಟಿಗೆ ಬಂತು, ಮೇಲೆ 8, 11, 12, ಕೆಳಗೆ 6, 3, 2.

ಕಾರ್ಡ್ ಬೇಕಿದ್ದರೆ ಇ ಮೈನರ್, ಸಿ ಸೆವೆನ್, ಬಿ ಮೇಜರ್.

ಡಿಸ್ಟಾರ್ಷನ್ ಭಕ್ತ

ಪವರ್ ಕಾರ್ಡ್ ಆದ್ರೆ ಇ, ಬಿ, ಸಿ, ಡಿ ಶಾರ್ಪ್. 6ನೇ ತಂತಿಯಲ್ಲಿ 0, 7, 8, 11. ಇದು ಇನ್ನೂ ಭಾರ ಬರುತ್ತೆ ಗುರು, ಬಿಟ್ಟ ತಂತಿ ಷಡ್ಜ ಆಯ್ತಲ್ಲ.

ಆರುತಂತಿ

1ನೇ ತಂತಿಯಲ್ಲಿ ಸಲೀಸು. 3ರಿಂದ 6ಕ್ಕೆ ಜಾರುವಾಗ ಉಗುರಿನ ಹತ್ರ ತಂತಿ ಕುಯ್ಯುತ್ತೆ, ಅದನ್ನ ಅಭ್ಯಾಸವೇ ನೋಡ್ಕೊಳ್ಳಬೇಕು. ಸಿ ಸೆವೆನ್ ಬಾರ್ ಹಾಕದೆ ಮಾಮೂಲಿ ಹಿಡಿತದಲ್ಲಿ ಹಿಡಿದರೆ ಎ ಶಾರ್ಪ್ 3ನೇ ತಂತಿಯ 3ನೇ ಫ್ರೆಟ್ಟಲ್ಲಿ ಬರುತ್ತೆ, ಅಲ್ಲಿಂದ 4ನೇ ಫ್ರೆಟ್ಟಿನ ಬಿ ಗೆ ಏರಿಸಿದರೆ ಅದೇ ಕೆಲಸ ಆಯ್ತು ಅಲ್ವಾ?

ಕಪೋ ಬೇಡ

ಆಯ್ತು. 5ನೇ ತಂತಿಯ ಸಿ ಕೂಡ 3ರಿಂದ 2ಕ್ಕೆ ಇಳಿದು ಬಿ ಆಗಲಿ. ಆ ಎರಡು ತಂತಿ ಮಾತ್ರ ಮೀಟಿ.